ತಪ್ಪು ಅಪರಾಧ ನಿರ್ಣಯಗಳ ಮರುಪರಿಶೀಲನೆ

ತಪ್ಪು ಅಪರಾಧ ನಿರ್ಣಯಗಳ ಮರುಪರಿಶೀಲನೆ ಎಂದರೆ, ಮಾಡದ ಅಪರಾಧಕ್ಕೆ ತನಗೆ ಶಿಕ್ಷೆಯಾಗಿದೆ ಎಂದು ಹೇಳುವ ವ್ಯಕ್ತಿಯ ಪ್ರಕರಣದ ಕಡತವನ್ನು ಮೊದಲಿನಿಂದ ಓದಿ, ತನಿಖೆಯಲ್ಲಿ ಅಥವಾ ವಿಚಾರಣೆಯಲ್ಲಿ ದೋಷ ನುಸುಳಿದೆಯೇ ಎಂದು ಪರೀಕ್ಷಿಸುವ ಕಾರ್ಯ. ಇದರ ಹೊಣೆ ವಕೀಲರದು. ಆದರೆ ಆರಂಭಿಕ ಪರಿಶೀಲನೆಯ ಬಹುಭಾಗವನ್ನು ಕಾನೂನು ವಿದ್ಯಾರ್ಥಿಗಳೂ ಕಿರಿಯ ವಕೀಲರೂ ಮಾಡಬಲ್ಲರು. 1992ರಲ್ಲಿ ನ್ಯೂಯಾರ್ಕ್‌ನ ಕಾರ್ಡೋಜೊ ಕಾನೂನು ಶಾಲೆಯಲ್ಲಿ ಆರಂಭವಾದ ಇನ್ನೊಸೆನ್ಸ್ ಪ್ರಾಜೆಕ್ಟ್ ವಿದ್ಯಾರ್ಥಿಗಳನ್ನು ತೊಡಗಿಸಿಕೊಂಡು ಈ ಕಾರ್ಯಕ್ಕೆ ಮಾದರಿಯಾಯಿತು. ಬ್ರಿಟನ್ನಿನಲ್ಲಿ 1997ರಿಂದ ಇದಕ್ಕೆಂದೇ ಆಯೋಗವಿದೆ. ಭಾರತದಲ್ಲಿ ಅಂತಹ ಶಾಸನಬದ್ಧ ಆಯೋಗವಿಲ್ಲ.

ಕಾನೂನಿನ ಹಿನ್ನೆಲೆ

ಸಂವಿಧಾನಕ್ಕೆ 1976ರ 42ನೆಯ ತಿದ್ದುಪಡಿಯ ಮೂಲಕ ಸೇರಿದ 39ಎ ವಿಧಿಯು ಉಚಿತ ಕಾನೂನು ನೆರವನ್ನು ರಾಜ್ಯದ ಕರ್ತವ್ಯವೆಂದು ಸಾರುತ್ತದೆ. 1978ರ ಹೊಸ್ಕೋಟ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಕೈದಿಗೆ ತೀರ್ಪಿನ ಪ್ರತಿಯನ್ನು ಉಚಿತವಾಗಿ ಕೊಡಬೇಕು ಮತ್ತು ಮೇಲ್ಮನವಿಗೆ ನೆರವು ಒದಗಿಸಬೇಕು ಎಂದು ಹೇಳಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೆಯ ಪ್ರಕರಣದಂತೆ, ಬಂಧನದಲ್ಲಿರುವವರು ತಮ್ಮ ಆದಾಯ ಎಷ್ಟೇ ಇದ್ದರೂ ಈ ನೆರವಿಗೆ ಅರ್ಹರು.

ಸೆಷನ್ಸ್ ನ್ಯಾಯಾಲಯದ ಶಿಕ್ಷೆಯ ವಿರುದ್ಧ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು ಸಾಮಾನ್ಯವಾಗಿ 60 ದಿನಗಳ ಅವಧಿಯಿದೆ. ಮರಣದಂಡನೆಯಾಗಿದ್ದರೆ 30 ದಿನಗಳು. ಸಕಾರಣವಿದ್ದರೆ ವಿಳಂಬವನ್ನು ಮನ್ನಿಸಲಾಗುತ್ತದೆ. ಕೈದಿಯು ಕಾರಾಗೃಹದ ಅಧಿಕಾರಿಯ ಮೂಲಕವೇ ಮೇಲ್ಮನವಿ ಸಲ್ಲಿಸಬಹುದು. ಸರ್ವೋಚ್ಚ ನ್ಯಾಯಾಲಯದ ಅಂತಿಮ ತೀರ್ಪಿನ ಬಳಿಕವೂ ಪುನರ್ವಿಮರ್ಶೆಯ ಅರ್ಜಿಗೆ ಅವಕಾಶವಿದೆ. 2002ರ ರೂಪಾ ಅಶೋಕ್ ಹುರ್ರಾ ತೀರ್ಪಿನ ನಂತರ ಪರಿಹಾರಾತ್ಮಕ ಅರ್ಜಿಯ ಅವಕಾಶವೂ ದೊರೆತಿದೆ.

ಹಾಸನ ಜಿಲ್ಲೆಯಲ್ಲಿ

ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವು ಹಾಸನದಲ್ಲಿದ್ದು, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೊದಲಾದೆಡೆ ತಾಲ್ಲೂಕು ಸಮಿತಿಗಳಿವೆ. ಹಾಸನದ ಎಂ. ಕೃಷ್ಣ ಕಾನೂನು ಕಾಲೇಜು ಮತ್ತು ಹೊಳೆನರಸೀಪುರದ ಸರ್ಕಾರಿ ಕಾನೂನು ಕಾಲೇಜು ಜಿಲ್ಲೆಯ ಕಾನೂನು ಶಿಕ್ಷಣ ಸಂಸ್ಥೆಗಳಲ್ಲಿ ಸೇರಿವೆ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳಂತೆ ಮೂರು ವರ್ಷದ ಪದವಿಗೆ 12 ವಾರ, ಐದು ವರ್ಷದ ಪದವಿಗೆ 20 ವಾರಗಳ ತರಬೇತಿ ಕಡ್ಡಾಯ. ವಿದ್ಯಾರ್ಥಿಗಳು ಅರೆ ಕಾನೂನು ಸ್ವಯಂಸೇವಕರಾಗಿಯೂ ಆಯ್ಕೆಯಾಗಬಹುದು. ಆದರೆ ವಕೀಲರಾಗಿ ನೋಂದಣಿಯಾಗುವವರೆಗೆ ನ್ಯಾಯಾಲಯದಲ್ಲಿ ವಾದಿಸುವಂತಿಲ್ಲ.

ಈ ತಾಲ್ಲೂಕುಗಳ ಪ್ರಕರಣಗಳಲ್ಲಿ ಭಾಷೆಯದೇ ಒಂದು ತೊಡಕು. ಅಧೀನ ನ್ಯಾಯಾಲಯದಲ್ಲಿ ಸಾಕ್ಷಿಗಳ ಹೇಳಿಕೆ ಕನ್ನಡದಲ್ಲಿ ದಾಖಲಾಗುತ್ತದೆ. ಬೆಂಗಳೂರಿನ ಉಚ್ಚ ನ್ಯಾಯಾಲಯದ ವ್ಯವಹಾರ ಇಂಗ್ಲಿಷಿನಲ್ಲಿ ನಡೆಯುತ್ತದೆ. 'ಕಂಡೆ' ಎಂಬುದಕ್ಕೂ 'ಕಂಡಂತಾಯಿತು' ಎಂಬುದಕ್ಕೂ ಇರುವ ಅಂತರ ಅನುವಾದದಲ್ಲಿ ಅಳಿದುಹೋದರೆ, ಒಬ್ಬನ ಬಿಡುಗಡೆಯ ಆಧಾರವೇ ಅಳಿದುಹೋದಂತೆ. ಊರಿನ ಮಾತನ್ನು ಬಲ್ಲ ತರಬೇತಿದಾರನ ಓದಿಗೆ ಇಲ್ಲಿ ಬೆಲೆಯಿದೆ.

ಪರಿಶೀಲನೆಯ ವಿಧಾನ

ತರಬೇತಿದಾರರು ಮೊದಲು ಪ್ರಥಮ ವರ್ತಮಾನ ವರದಿ, ದೋಷಾರೋಪಣ ಪಟ್ಟಿ, ಮಹಜರು, ವೈದ್ಯಕೀಯ ವರದಿ, ಸಾಕ್ಷಿ ಹೇಳಿಕೆ ಮತ್ತು ತೀರ್ಪನ್ನು ಕಾಲಾನುಕ್ರಮದಲ್ಲಿ ಜೋಡಿಸುತ್ತಾರೆ. ಬಳಿಕ ಪರೀಕ್ಷಿಸುವ ಮುಖ್ಯ ಅಂಶಗಳು ಇವು:

• ದೂರಿನ ಸಮಯಕ್ಕೂ ವೈದ್ಯಕೀಯ ವರದಿಗೂ ಹೊಂದಾಣಿಕೆ ಇದೆಯೇ?
• ಮಹಜರಿನ ಪಂಚರು ಸ್ಥಳೀಯರೇ, ಅಥವಾ ಹಲವು ಪ್ರಕರಣಗಳಲ್ಲಿ ಅದೇ ಹೆಸರುಗಳು ಮರುಕಳಿಸುತ್ತವೆಯೇ?
• ಪೊಲೀಸರ ಮುಂದಿನ ತಪ್ಪೊಪ್ಪಿಗೆಯ ಮೇಲೆ ತೀರ್ಪು ನಿಂತಿದೆಯೇ? ಅದು ಸಾಕ್ಷ್ಯವಾಗಿ ಸಲ್ಲುವುದಿಲ್ಲ.
• ಸಾಂದರ್ಭಿಕ ಸಾಕ್ಷ್ಯದ ಸರಪಳಿ ಪೂರ್ಣವಾಗಿದೆಯೇ? ಇದಕ್ಕೆ 1984ರ ಶರದ್ ಬಿರ್ಧಿಚಂದ್ ಸಾರ್ದಾ ತೀರ್ಪು ಐದು ಸೂತ್ರಗಳನ್ನು ಕೊಟ್ಟಿದೆ.
• ಆರೋಪಿಯ ವಕೀಲರು ಮುಖ್ಯ ಸಾಕ್ಷಿಗಳನ್ನು ಪಾಟೀಸವಾಲಿಗೆ ಒಳಪಡಿಸಿದ್ದರೇ?

ಕೈದಿಯ ಭೇಟಿಯಲ್ಲಿ ಕೇಳಿದ್ದನ್ನು ಗೋಪ್ಯವಾಗಿಡಬೇಕು. ಬಿಡುಗಡೆಯ ಭರವಸೆಯನ್ನು ಕೊಡಬಾರದು. ಎಲ್ಲ ಹೇಳಿಕೆಗಳೂ ನಿಜವಾಗಿರುವುದಿಲ್ಲ. ದೋಷ ಕಾಣದಿದ್ದರೆ ಹಾಗೆಂದು ಬರೆಯುವುದೂ ಪರಿಶೀಲನೆಯ ಭಾಗವೇ.

ಕರ್ನಾಟಕದ ನಿದರ್ಶನಗಳು

ವೀರಪ್ಪನ್‌ಗೆ ಸಂಬಂಧಿಸಿ ಟಾಡಾ ಕಾಯಿದೆಯಡಿ ಬಂಧಿತರಾದವರಲ್ಲಿ ನೂರಕ್ಕೂ ಹೆಚ್ಚು ಮಂದಿಯನ್ನು 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯವು ದೋಷಮುಕ್ತಗೊಳಿಸಿತು. ಅಷ್ಟರಲ್ಲಿ ಅನೇಕರ ಬದುಕಿನ ಹಲವು ವರ್ಷಗಳು ಸೆರೆಮನೆಯಲ್ಲಿ ಕಳೆದಿದ್ದವು. ಆ ಕಾರ್ಯಾಚರಣೆಯಲ್ಲಿ ದೌರ್ಜನ್ಯಕ್ಕೊಳಗಾದ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರವನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2007ರಲ್ಲಿ ಶಿಫಾರಸು ಮಾಡಿತು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ 2010ರ ಮೇ 5ರಂದು ಸರ್ವೋಚ್ಚ ನ್ಯಾಯಾಲಯವು, ಸಮ್ಮತಿಯಿಲ್ಲದೆ ಮಂಪರು ಪರೀಕ್ಷೆ ನಡೆಸುವಂತಿಲ್ಲ ಎಂದು ತೀರ್ಪಿತ್ತಿತು.

ಪತ್ನಿಯನ್ನು ಕೊಂದ ಆರೋಪದಲ್ಲಿ ಸೆರೆವಾಸ ಅನುಭವಿಸಿದ್ದ ಕೊಡಗಿನ ವ್ಯಕ್ತಿಯೊಬ್ಬರನ್ನು 2025ರ ಏಪ್ರಿಲ್‌ನಲ್ಲಿ ಮೈಸೂರಿನ ಸೆಷನ್ಸ್ ನ್ಯಾಯಾಲಯವು ಖುಲಾಸೆಗೊಳಿಸಿತು. ಆ ಪತ್ನಿ ಜೀವಂತವಾಗಿ ಪತ್ತೆಯಾಗಿದ್ದರು. ಇಲ್ಲಿ ಶಿಕ್ಷೆ ಇನ್ನೂ ಆಗಿರಲಿಲ್ಲವಾದರೂ ತನಿಖೆಯ ದೋಷ ಎಷ್ಟು ದೂರ ಸಾಗಬಲ್ಲದು ಎಂಬುದು ಸ್ಪಷ್ಟವಾಯಿತು.

ಪರಿಹಾರದ ಪ್ರಶ್ನೆ

ತಪ್ಪಾಗಿ ಶಿಕ್ಷೆಗೊಳಗಾದವರಿಗೆ ಪರಿಹಾರ ಕೊಡುವ ಪ್ರತ್ಯೇಕ ಕಾಯಿದೆ ಭಾರತದಲ್ಲಿಲ್ಲ. 1983ರ ರುದಲ್ ಶಾ ತೀರ್ಪಿನಿಂದೀಚೆಗೆ ಸಾಂವಿಧಾನಿಕ ನ್ಯಾಯಾಲಯಗಳು ಪ್ರಕರಣವಾರು ಪರಿಹಾರ ನೀಡುತ್ತಿವೆ. ಭಾರತದ ಕಾನೂನು ಆಯೋಗವು 2018ರ ತನ್ನ 277ನೆಯ ವರದಿಯಲ್ಲಿ, ಅನ್ಯಾಯದ ಮೊಕದ್ದಮೆಗೆ ಗುರಿಯಾದವರಿಗೆ ಪರಿಹಾರ ನೀಡಲು ವಿಶೇಷ ನ್ಯಾಯಾಲಯಗಳನ್ನು ಸ್ಥಾಪಿಸುವಂತೆ ಶಿಫಾರಸು ಮಾಡಿದೆ.

ಇದನ್ನೂ ನೋಡಿ

• ಉಚಿತ ಕಾನೂನು ನೆರವು
• ಕರ್ನಾಟಕ ಉಚ್ಚ ನ್ಯಾಯಾಲಯ
• ಹಾಸನ ಜಿಲ್ಲೆ