ಕಳೆದುಹೋದ ವಿಭಕ್ತಿಯ ವಾರಸುದಾರರು

ಹಾವನ್ನು ಕಂಡು ಅಂಜುವುದು ಎಲ್ಲ ದೇಶದ ಜನರಿಗೂ ಸಮಾನವಾದ ಗುಣ. ಆದರೆ ಆ ಅಂಜಿಕೆಯನ್ನು ನುಡಿಯುವಾಗ ಒಂದೊಂದು ಭಾಷೆಯೂ ಒಂದೊಂದು ದಾರಿ ಹಿಡಿಯುತ್ತದೆ. ನಾವು ಹಾವಿಗೆ ಹೆದರುತ್ತೇವೆ, ಅದು ಚತುರ್ಥಿ. ಸಂಸ್ಕೃತದವರು ಹಾವಿನ ದೆಸೆಯಿಂದ ಹೆದರುತ್ತಾರೆ. ಭಯಕ್ಕೆ ಕಾರಣವಾದುದನ್ನು ಪಾಣಿನಿ ಅಪಾದಾನದಲ್ಲಿ ಸೇರಿಸಿದ್ದಾನಾಗಿ ಅಲ್ಲಿ ಪಂಚಮಿಯೇ ಸಾಧು. ಇಂಗ್ಲಿಷಿನವರಾದರೋ ‘ಅಫ್ರೇಡ್’ ಎಂಬ ಗುಣವಾಚಕವನ್ನಿಟ್ಟು ಅದರ ಬೆನ್ನಿಗೆ ‘ಆಫ್’ ಎಂಬ ಪುಟ್ಟ ಪದವನ್ನು ಹಚ್ಚುತ್ತಾರೆ. ಅದು ಹೆಚ್ಚುಕಡಮೆ ನಮ್ಮ ಷಷ್ಠಿ. ಹಾವು ಒಂದೇ, ಭಯವೂ ಒಂದೇ. ವಿಭಕ್ತಿ ಮಾತ್ರ ಮೂರು.

ಈ ಪುಟ್ಟ ಪದಗಳ ಇತಿಹಾಸವನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಇದು ಪಂಡಿತರ ಹರಟೆಯ ವಿಷಯವೆಂದು ಕೇಳುಗರು ಭಾವಿಸಬಾರದು. ನಮ್ಮ ಊರೂರುಗಳಲ್ಲಿ ಮಕ್ಕಳ ಅಂಕಗಳನ್ನು ಕಸಿಯುವವು ಇವೇ. ‘ನನ್ನ ಮೇಲೆ ಸಿಟ್ಟು’ ಎನ್ನುವ ಹುಡುಗ ‘ಆಂಗ್ರಿ ಆನ್ ಮಿ’ ಎಂದು ಬರೆಯುತ್ತಾನೆ. ‘ಲೆಕ್ಕದಲ್ಲಿ ಜಾಣ’ ಎನ್ನುವವನು ‘ಗುಡ್ ಇನ್’ ಎನ್ನುತ್ತಾನೆ. ‘ಅವನ ಜೊತೆ ಮದುವೆಯಾಯಿತು’ ಎನ್ನುವ ಹುಡುಗಿಗೆ ‘ಮ್ಯಾರೀಡ್ ವಿತ್’ ಎಂಬುದೇ ಸಹಜವಾಗಿ ಕಾಣುತ್ತದೆ. ಮೂರಕ್ಕೂ ಕೆಂಪು ಗೆರೆ. ‘ಆಂಗ್ರಿ ವಿತ್’, ‘ಗುಡ್ ಅಟ್’, ‘ಮ್ಯಾರೀಡ್ ಟು’ ಎಂದಾಗಬೇಕು. ಏಕೆ ಎಂದು ಕೇಳಿದರೆ ‘ಅದು ಹಾಗೆಯೇ’ ಎಂಬ ಉತ್ತರ. ಮಗು ತನಗೆ ಬುದ್ಧಿ ಸಾಲದೆಂದು ತಿಳಿಯುತ್ತದೆ. ನನ್ನ ವಾದವಿಷ್ಟೆ: ಇಲ್ಲಿ ಬುದ್ಧಿಯ ಪ್ರಶ್ನೆಯೇ ಇಲ್ಲ. ಇವನ್ನು ನಿಶ್ಚಯಿಸಿದ್ದು ತರ್ಕವಲ್ಲ, ಸಾವಿರ ವರ್ಷಗಳ ಚರಿತ್ರೆ.

ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ನಮ್ಮಲ್ಲಿರುವಂತೆ ವಿಭಕ್ತಿ ಪ್ರತ್ಯಯಗಳಿದ್ದವು. ‘ಫುಲ್’, ಎಂದರೆ ತುಂಬಿದ, ಎಂಬ ಗುಣವಾಚಕದ ಸಂಗಡ ಬರುವ ನಾಮಪದ ಷಷ್ಠಿಯಲ್ಲಿರುತ್ತಿತ್ತು; ‘ಲೈಕ್’ ಎಂಬುದರ ಪೂರ್ವರೂಪದ ಸಂಗಡ ಚತುರ್ಥಿ. ಪ್ರಿಪೊಸಿಷನ್ನುಗಳು ಆಗಲೂ ಇದ್ದವು. ಆದರೆ ಇಂಥ ಕಡೆಗಳಲ್ಲಿ ಪ್ರತ್ಯಯವೊಂದೇ ಸಾಕಾಗುತ್ತಿತ್ತು.

ಆ ಪ್ರತ್ಯಯಗಳು ಅಳಿದುಹೋದವು. 1066ರಲ್ಲಿ ನಾರ್ಮನ್ನರು ಬಂದು ಇಂಗ್ಲೆಂಡನ್ನು ಗೆದ್ದದ್ದೇ ಇದಕ್ಕೆ ಕಾರಣವೆಂದು ಹೇಳುವುದು ವಾಡಿಕೆ. ನನಗೆ ಅದು ಅರ್ಧ ಸತ್ಯವೆಂದು ತೋರುತ್ತದೆ. ಇಂಗ್ಲಿಷಿನಲ್ಲಿ ಒತ್ತು ಪದದ ಮೊದಲಿಗೆ ಬೀಳುವುದರಿಂದ ಕೊನೆಯ ಸ್ವರಗಳು ಅದಕ್ಕೆ ಮುಂಚೆಯೇ ಮಾಸತೊಡಗಿದ್ದವು. ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯದ ಜನರ ನುಡಿಗೂ ಇಂಗ್ಲಿಷಿಗೂ ಪದಗಳ ಬೇರು ಒಂದೇ ಆಗಿದ್ದು ತುದಿಗಳು ಬೇರೆಯಾಗಿದ್ದವು. ನೆರೆಹೊರೆಯವರು ವ್ಯವಹರಿಸುವಾಗ ಬೇರನ್ನು ಉಳಿಸಿಕೊಂಡು ತುದಿಯನ್ನು ನುಂಗಿಬಿಟ್ಟರು. ನಾರ್ಮನ್ನರ ಆಳಿಕೆಯಲ್ಲಿ ಇಂಗ್ಲಿಷು ಅರಮನೆಯಿಂದ ಹೊರಬಿದ್ದು, ಅದನ್ನು ತಿದ್ದುವವರಿಲ್ಲದೆ, ಈ ಸವೆತ ವೇಗಗೊಂಡಿತು. 1400ರಲ್ಲಿ ಚಾಸರ್ ಕವಿ ತೀರಿಕೊಳ್ಳುವ ಹೊತ್ತಿಗೆ ವಿಭಕ್ತಿಗಳ ಮನೆ ಬಹುಮಟ್ಟಿಗೆ ಬರಿದಾಗಿತ್ತು.

ಆ ಬರಿದಾದ ಮನೆಗೆ ವಾರಸುದಾರರಾಗಿ ಬಂದವು ಪ್ರಿಪೊಸಿಷನ್ನುಗಳು. ಷಷ್ಠಿಯ ಆಸ್ತಿಯಲ್ಲಿ ದೊಡ್ಡ ಪಾಲು ‘ಆಫ್’ನದಾಯಿತು. ಮೊದಲಿಗೆ ಅದರ ಅರ್ಥ ‘ದೂರಕ್ಕೆ, ಕಡೆಯಿಂದ’ ಎಂದು. ಒಂದು ಎಫ್ ಇರುವ ‘ಆಫ್’, ಎರಡು ಎಫ್ ಇರುವ ‘ಆಫ್’ ಒಂದೇ ತಾಯಿಯ ಮಕ್ಕಳು. ಫ್ರೆಂಚಿನ ‘ದ’ ಎಂಬ ಪದದ ಒಡನಾಟದಿಂದ ಅದರ ಅಧಿಕಾರ ಇನ್ನಷ್ಟು ಹಬ್ಬಿತು. ಚತುರ್ಥಿಯ ಪಾಲಿನಲ್ಲಿ ಬಹುಭಾಗ ‘ಟು’ಗೆ ಸಂದಿತು. ಆದರೆ ಪಾಲಾಗದೆ ಉಳಿದ ಮೂಲೆಗಳೂ ಇವೆ. ‘ಲೈಕ್’, ‘ನಿಯರ್’, ‘ವರ್ತ್’ ಎಂಬ ಮೂರು ಪದಗಳು ಇಂದಿಗೂ ಯಾವ ಪ್ರಿಪೊಸಿಷನ್ನಿನ ಹಂಗೂ ಇಲ್ಲದೆ ನಾಮಪದವನ್ನು ನೇರವಾಗಿ ಹಿಡಿದುಕೊಳ್ಳುತ್ತವೆ. ‘ವರ್ತ್ ಎ ರುಪೀ’ ಎನ್ನುತ್ತಾರೆ. ಅದರ ತಂಗಿಯಾದ ‘ವರ್ದಿ’ಗೆ ಮಾತ್ರ ‘ಆಫ್’ ಬೇಕು. ಹಳೆಯ ಕೋಟೆ ಬಿದ್ದಮೇಲೂ ನಿಂತಿರುವ ಬುರುಜುಗಳಂತೆ ಈ ಮೂರು ಪದಗಳು ನನಗೆ ಕಾಣುತ್ತವೆ.

ವಾರಸುದಾರರು ಹಲವರಾದಾಗ ವ್ಯಾಜ್ಯ ತಪ್ಪದು. ಹದಿನೆಂಟನೆಯ ಶತಮಾನ ಇಂಥ ವ್ಯಾಜ್ಯಗಳ ಕಾಲ. 1762ರಲ್ಲಿ ವ್ಯಾಕರಣವನ್ನು ಪ್ರಕಟಿಸಿದ ರಾಬರ್ಟ್ ಲೌತ್ ಎಂಬ ಪಾದ್ರಿ ಷೇಕ್ಸ್‌ಪಿಯರ್, ಮಿಲ್ಟನ್ನರ ಬರಹದಲ್ಲಿಯೂ ತಪ್ಪುಗಳನ್ನು ಹೆಕ್ಕಿ ತೋರಿಸಿದ. ಅಂದಿನ ವಿದ್ವಾಂಸರಿಗೆ ಲ್ಯಾಟಿನ್ನೇ ಒರೆಗಲ್ಲು. ‘ಅವರ್ಸ್’ ಎಂಬ ಗುಣವಾಚಕವನ್ನು ನೋಡಿ. ಲ್ಯಾಟಿನ್ನಿನಲ್ಲಿ ಅದರ ಮೂಲಾರ್ಥ ‘ವಿಮುಖನಾದ’ ಎಂದು. ವಿಮುಖನಾಗುವುದು ಒಂದರಿಂದ ತಾನೆ? ಆದ್ದರಿಂದ ‘ಫ್ರಮ್’ ಸಾಧು, ಬಳಕೆಯಲ್ಲಿದ್ದರೂ ‘ಟು’ ಅಸಾಧು ಎಂದು 1755ರ ತನ್ನ ನಿಘಂಟಿನಲ್ಲಿ ಸ್ಯಾಮ್ಯುಯಲ್ ಜಾನ್ಸನ್ ತೀರ್ಪಿತ್ತ. ಜನ ಆ ತೀರ್ಪನ್ನು ಕೇಳಲಿಲ್ಲ, ‘ಟು’ವನ್ನೇ ಬಳಸಿದರು. 1926ರಲ್ಲಿ ಫೌಲರ್ ತನ್ನ ಪ್ರಸಿದ್ಧ ಗ್ರಂಥದಲ್ಲಿ, ‘ಫ್ರಮ್’ ಒಂದೇ ಸರಿಯೆಂದು ಹಟ ಹಿಡಿಯುವುದು ಅಲ್ಪವಿದ್ಯೆಯ ಆಡಂಬರವೆಂದು ಬರೆದ. ಇಂದು ‘ಅವರ್ಸ್ ಫ್ರಮ್’ ಎಂದು ಬರೆಯುವ ಇಂಗ್ಲಿಷರು ವಿರಳ.

‘ಡಿಫರೆಂಟ್’ ಎಂಬುದರ ಕಥೆ ಇನ್ನೂ ಸೊಗಸಾದುದು. ಲ್ಯಾಟಿನ್ನಿನ ನ್ಯಾಯದಂತೆ ‘ಫ್ರಮ್’. ಆದರೆ ‘ಈಕ್ವಲ್ ಟು’, ‘ಸಿಮಿಲರ್ ಟು’, ‘ಆಪೊಸಿಟ್ ಟು’ ಎಂಬ ನೆಂಟರ ನಡುವೆ ಬಾಳುತ್ತ ಅದು ‘ಟು’ವನ್ನೂ ಕಲಿಯಿತು, ಬ್ರಿಟನ್ನಿನಲ್ಲಿ ಅದು ಧಾರಾಳವಾಗಿದೆ. ‘ಅದರ್ ದ್ಯಾನ್’ ಎಂಬುದರ ಸಹವಾಸದಿಂದ ‘ದ್ಯಾನ್’ ಬಂದಿತು. ಅಮೆರಿಕದಲ್ಲಿ ಅದು ಹೆಚ್ಚು. ನಮ್ಮ ವ್ಯಾಕರಣಕಾರರು ಇಂಥದಕ್ಕೆ ‘ವಿಭಕ್ತಿ ಪಲ್ಲಟ’ವೆಂದು ಹೆಸರಿಟ್ಟು, ಅದನ್ನು ಭಾಷೆಯ ಒಂದು ಸ್ವಭಾವವೆಂದೇ ಅಂಗೀಕರಿಸಿದರು. ಇಂಗ್ಲಿಷ್ ಪಂಡಿತರಿಗೆ ಆ ಔದಾರ್ಯ ಬರಲು ತಡವಾಯಿತು.

ನಮ್ಮ ಶಾಲೆಗಳಿಗೆ ಬಂದದ್ದು ಆ ಪಂಡಿತರ ಫಲಿತಾಂಶವೇ ಹೊರತು ಅವರ ಜಗಳದ ವೃತ್ತಾಂತವಲ್ಲ. ರೆನ್ ಮತ್ತು ಮಾರ್ಟಿನ್ನರ ವ್ಯಾಕರಣವನ್ನು ಓದಿದವರಿಗೆ ಆ ಪಟ್ಟಿಗಳು ನೆನಪಿರಬಹುದು: ‘ಟು’ ಬರುವ ಗುಣವಾಚಕಗಳು, ‘ಆಫ್’ ಬರುವವು, ‘ವಿತ್’ ಬರುವವು. ಮಗ್ಗಿಯಂತೆ ಬಾಯಿಪಾಠ ಮಾಡಬೇಕು. ಮಗ್ಗಿಗಾದರೂ ಒಂದು ನಿಯಮವುಂಟು.

ಇದಕ್ಕಿಂತ ಒಳ್ಳೆಯ ದಾರಿ ತೋರಿದ್ದು ಇಂಗ್ಲೆಂಡಿನಲ್ಲಲ್ಲ, ಜಪಾನಿನಲ್ಲಿ. ಅಲ್ಲಿಯ ಭಾಷೆಯಲ್ಲಿಯೂ ನಮ್ಮಲ್ಲಿರುವಂತೆ ನಾಮಪದದ ಹಿಂದೆ ಪ್ರತ್ಯಯಗಳು ಬರುತ್ತವೆ. ಹಾವಿನ ಭಯವನ್ನು ಹೇಳುವಾಗ ಹಾವೇ ಕರ್ತೃವಿನ ಗುರುತಾದ ‘ಗ’ ಎಂಬುದನ್ನು ಹೊತ್ತು ನಿಲ್ಲುತ್ತದೆ. ಅಂಥವರಿಗೆ ಇಂಗ್ಲಿಷ್ ಕಲಿಸುವ ಬಗೆಯನ್ನು ರೂಪಿಸಲು 1922ರಲ್ಲಿ ಹೆರಾಲ್ಡ್ ಪಾಮರ್ ಎಂಬಾತ ಟೋಕಿಯೊಗೆ ಹೋದ. ಮರುವರ್ಷ ಅಲ್ಲೊಂದು ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿದ. ಬಿಡಿ ಪದಗಳನ್ನು ಕಲಿಸಿ ಬಳಿಕ ಜೋಡಿಸುವುದಲ್ಲ, ಜೊತೆಯಲ್ಲಿ ಬಾಳುವ ಪದಗಳನ್ನು ಜೊತೆಯಲ್ಲಿಯೇ ಕಲಿಸಬೇಕೆಂಬುದು ಅವನ ಮತ. 1933ರಲ್ಲಿ ಅಂಥ ಪದಕೂಟಗಳ ದೊಡ್ಡ ಪಟ್ಟಿಯೊಂದನ್ನು ಪ್ರಕಟಿಸಿದ. ಅವನ ಸಹೋದ್ಯೋಗಿ ಹಾರ್ನ್‌ಬಿ 1924ರಲ್ಲಿ ಜಪಾನಿಗೆ ಬಂದು, ಇಬ್ಬರು ಸಂಗಡಿಗರೊಡನೆ, ಕಲಿಯುವವರಿಗಾಗಿಯೇ ಒಂದು ನಿಘಂಟನ್ನು ಸಿದ್ಧಪಡಿಸಿದ. ಅಷ್ಟರಲ್ಲಿ, 1941ರ ಡಿಸೆಂಬರಿನಲ್ಲಿ, ಯುದ್ಧ ಬಂದಿತು. ಹಾರ್ನ್‌ಬಿಯನ್ನು ಬಂಧನದಲ್ಲಿಟ್ಟು 1942ರಲ್ಲಿ ಸ್ವದೇಶಕ್ಕೆ ಕಳುಹಿಸಿದರು. ಅದೇ ವರ್ಷ, ಎರಡು ದೇಶಗಳೂ ಒಂದನ್ನೊಂದು ಕೊಲ್ಲುತ್ತಿದ್ದಾಗ, ಟೋಕಿಯೊದ ಕೈತಾಕುಷ ಎಂಬ ಪ್ರಕಾಶನಸಂಸ್ಥೆ ಆ ಇಂಗ್ಲಿಷ್ ನಿಘಂಟನ್ನು ಹೊರತಂದಿತು. ವೈರಿಯ ಭಾಷೆಯ ಸೂಕ್ಷ್ಮಗಳನ್ನು ಅಂಥ ಹೊತ್ತಿನಲ್ಲಿ ಅಚ್ಚುಹಾಕಿದವರನ್ನು ನೆನೆದರೆ ನನಗೆ ಗೌರವ ಮೂಡುತ್ತದೆ. 1948ರಲ್ಲಿ ಆಕ್ಸ್‌ಫರ್ಡ್ ಅದನ್ನೇ ಮರುಮುದ್ರಿಸಿತು. ಪರಿಷ್ಕರಣಗಳನ್ನು ಪಡೆದು ನಮ್ಮ ಕಪಾಟುಗಳಿಗೆ ಬಂದ ಹಾರ್ನ್‌ಬಿ ನಿಘಂಟು ಅದೇ.

ವಿಭಕ್ತಿಯ ಆಸ್ತಿಯ ವ್ಯಾಜ್ಯ ಇನ್ನೂ ಮುಗಿದಿಲ್ಲ. ಬೇಸರಗೊಂಡ ಎಂಬರ್ಥದ ‘ಬೋರ್ಡ್’ ಎಂಬ ಪದಕ್ಕೆ ‘ವಿತ್’ ಅಥವಾ ‘ಬೈ’ ಸೇರಿಸುವುದು ಹಳೆಯ ರೂಢಿ. ಈಗಿನ ತರುಣರು, ಇಂಗ್ಲೆಂಡಿನಲ್ಲಿಯೇ, ‘ಬೋರ್ಡ್ ಆಫ್’ ಎನ್ನುತ್ತಾರೆ; ‘ಟಯರ್ಡ್ ಆಫ್’ ಎಂಬುದು ಅದಕ್ಕೆ ಮೇಲ್ಪಂಕ್ತಿ. ಹಿರಿಯರು ಹುಬ್ಬುಗಂಟಿಕ್ಕುತ್ತಾರೆ, ನಿಘಂಟುಕಾರರು ಸದ್ದಿಲ್ಲದೆ ಬರೆದುಕೊಳ್ಳುತ್ತಾರೆ. ‘ಆಂಗ್ರಿ ಆನ್ ಮಿ’ ಎಂದು ಬರೆದ ನಮ್ಮ ಹುಡುಗನಿಗೆ ಸರಿಯಾದ ಜೋಡಿಯನ್ನು ಕಲಿಸಲೇಬೇಕು, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಕೆಂಪು ಶಾಯಿ ಹಿಡಿದ ಉಪಾಧ್ಯಾಯರು ಅವನ ಕನ್ನಡದ ಸಪ್ತಮಿಯನ್ನು ಗುರುತಿಸಿ, ಅರ್ಧ ಅಂಕವನ್ನಾದರೂ ಉಳಿಸಿಕೊಡಲಿ ಎಂದು ಕೋರುತ್ತೇನೆ.