ಓವರ್‌ಡ್ರೈವ್ ಗೇರೂ ತುಮಕೂರಿನ ರಸ್ತೆಗಳೂ: ಇಂಧನ ಮಿತವ್ಯಯದ ಒಂದು ಚರಿತ್ರೆ

ತುಮಕೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಬೆಳ್ಳಾವಿಯಿಂದ ತುಮಕೂರಿಗೆ ಬರುವ ಊರದಾರಿಯಲ್ಲಿಯೂ ತುಮಕೂರಿನಿಂದ ಶಿರಾಕ್ಕೆ ಹೋಗುವ ಹೆದ್ದಾರಿಯಲ್ಲಿಯೂ ಒಂದೇ ಕಾರು ಲೀಟರೊಂದಕ್ಕೆ ಸಮಾನ ದೂರ ಓಡುವುದಿಲ್ಲವೆಂಬುದು ಬಾಡಿಗೆ ಕಾರಿನ ಚಾಲಕರೆಲ್ಲರೂ ಬಲ್ಲ ಸಂಗತಿ. ಈ ವ್ಯತ್ಯಾಸದಲ್ಲಿ ಗೇರಿನ ಪಾತ್ರವೆಷ್ಟು, ಓವರ್‌ಡ್ರೈವ್ ಎಂಬ ಮೇಲುಗೇರು ನಮ್ಮ ಕಾರುಗಳಿಗೆ ತಡವಾಗಿ ಬಂದುದೇಕೆ ಎಂಬುದು ಪ್ರಕೃತ ಲೇಖನದ ವಿಷಯ.

ಹಳೆಯ ನಾಲ್ಕು ಗೇರಿನ ಕಾರುಗಳಲ್ಲಿ ಕೊನೆಯದು ಸಾಮಾನ್ಯವಾಗಿ 'ನೇರ' ಗೇರು. ಎಂಜಿನ್ನು ಒಂದು ಸುತ್ತು ತಿರುಗಿದರೆ ಪ್ರೊಪೆಲ್ಲರ್ ಶಾಫ್ಟೂ ಒಂದೇ ಸುತ್ತು ತಿರುಗುವುದು. ಓವರ್‌ಡ್ರೈವಿನಲ್ಲಿ ಅದೇ ಒಂದು ಸುತ್ತಿಗೆ ಎಂಜಿನ್ನಿನ 0.8 ಸುತ್ತಿನಷ್ಟು ಸಾಕು. ಚಕ್ರದ ಸುತ್ತಳತೆ 2 ಮೀಟರು, ಡಿಫರೆನ್ಷಿಯಲ್ಲಿನ ಪ್ರಮಾಣ 4.5 ಎಂದು ಭಾವಿಸಿದರೆ, ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಎಂಜಿನ್ನು ನೇರ ಗೇರಿನಲ್ಲಿ ನಿಮಿಷಕ್ಕೆ 2,250 ಸುತ್ತು, ಓವರ್‌ಡ್ರೈವಿನಲ್ಲಿ 1,800 ಸುತ್ತು ತಿರುಗಬೇಕಾಗುತ್ತದೆ. ಸುತ್ತು ನೂರಕ್ಕೆ ಇಪ್ಪತ್ತು ಕಡಮೆಯಾದುದರಿಂದ ಪೆಟ್ರೋಲೂ ಅಷ್ಟೇ ಉಳಿಯುವುದೆಂದು ಎಣಿಸುವುದು ತಪ್ಪು. ಕಾರನ್ನು ಮುಂದೊಯ್ಯಲು ಬೇಕಾದ ಶಕ್ತಿ ಎರಡು ಸಂದರ್ಭದಲ್ಲಿಯೂ ಒಂದೇ. ಸುತ್ತು ಕಡಮೆಯಾದಾಗ ಪ್ರತಿ ಸುತ್ತಿನ ಹೊರೆ ಹೆಚ್ಚುತ್ತದೆ, ಥ್ರಾಟಲ್ ಹೆಚ್ಚು ತೆರೆದುಕೊಳ್ಳುತ್ತದೆ. ಆಗ ಒಳಗಿನ ಘರ್ಷಣೆಯೂ, ಅರೆಮುಚ್ಚಿದ ಥ್ರಾಟಲಿನ ಮೂಲಕ ಗಾಳಿಯನ್ನು ಹೀರಿಕೊಳ್ಳುವ ಶ್ರಮವೂ ತಗ್ಗುತ್ತವೆ. ಉಳಿತಾಯವೆಂಬುದು ಈ ಎರಡು ನಷ್ಟಗಳಲ್ಲಿ ಮಾತ್ರ.

ಈ ಕಲ್ಪನೆ ಹೊಸದಲ್ಲ. 1906ರಲ್ಲಿ ಹೊರಬಂದ ರೋಲ್ಸ್‌ರಾಯ್ಸ್ 40/50 ಕಾರಿನ ನಾಲ್ಕನೆಯ ಗೇರು ಓವರ್‌ಡ್ರೈವೇ ಆಗಿತ್ತು. 1909ರಲ್ಲಿ ಅದನ್ನು ಕೈಬಿಟ್ಟು ಮೂರು ಗೇರುಗಳ ಪೆಟ್ಟಿಗೆಯನ್ನು ಅಳವಡಿಸಿದರು. ಎರಡನೆಯ ಮಹಾಯುದ್ಧದ ತರುವಾಯ ಎಡ್ಗರ್ ಡಿ ನಾರ್ಮನ್‌ವಿಲ್ಲರ ಯೋಜನೆಯಂತೆ ಲೇಕಾಕ್ ಕಂಪನಿ ತಯಾರಿಸಿದ ಉಪಕರಣವು ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಮೊದಲಾದ ಇಂಗ್ಲಿಷ್ ಕಾರುಗಳಿಗೆ ದೊರೆಯಿತು.

ಭಾರತದಲ್ಲಾದರೋ 1957ರಲ್ಲಿ ತಯಾರಿಕೆ ಆರಂಭವಾದ ಅಂಬಾಸಡರ್ ನಾಲ್ಕು ಗೇರುಗಳಿಂದಲೇ ದಶಕಗಳನ್ನು ಕಳೆಯಿತು. ಇದನ್ನು ತಯಾರಕರ ಆಲಸ್ಯವೆಂದು ಹಳಿಯುವವರುಂಟು. ಆ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ರಸ್ತೆಯನ್ನು ಮರೆತು ತೀರ್ಪುಕೊಡುವುದು ನ್ಯಾಯವಲ್ಲ. ಎತ್ತಿನ ಗಾಡಿ, ಕುರಿಮಂದೆ, ಊರೂರಿನ ತಿರುವುಗಳ ನಡುವೆ ಒಂದೇ ವೇಗದಲ್ಲಿ ಎರಡು ಮೈಲಿ ಸಾಗುವುದೇ ದುರ್ಲಭವಾಗಿದ್ದಾಗ ಮೇಲುಗೇರಿಗೆ ಕೆಲಸವೆಲ್ಲಿ? ದೇವರಾಯನದುರ್ಗದ ಏರಿನಲ್ಲಿ ಬೇಕಾಗುವುದು ಕೆಳಗಿನ ಗೇರುಗಳೇ ಹೊರತು ಐದನೆಯದಲ್ಲ. ನಿಧಾನದ ವೇಗದಲ್ಲಿ ಮೇಲುಗೇರು ಹಾಕಿದರೆ ಎಂಜಿನ್ನು ನಡುಗಿ ಬಡಿದುಕೊಳ್ಳುತ್ತದೆ. ಚಾಲಕನು ಆಕ್ಸಿಲರೇಟರನ್ನು ಇನ್ನೂ ಒತ್ತುತ್ತಾನೆ. ಉಳಿತಾಯವು ಅಲ್ಲಿಗೇ ಮುಗಿಯಿತು.

1973ರ ಅಕ್ಟೋಬರಿನ ತೈಲ ಸಂಕಟದಿಂದ ಕೆಲವೇ ತಿಂಗಳುಗಳಲ್ಲಿ ಕಚ್ಚಾತೈಲದ ಬೆಲೆ ಸುಮಾರು ನಾಲ್ಕುಪಟ್ಟಾಯಿತು. ಅನಂತರ ಎಲ್ಲೆಡೆ ಐದನೆಯ ಗೇರು ಹೆಚ್ಚಾಗಿ ಬಳಕೆಗೆ ಬಂದಿತು. ನಮ್ಮಲ್ಲಿ 1983ರ ಮಾರುತಿ 800 ಇನ್ನೂ ನಾಲ್ಕು ಗೇರಿನದೇ. ಅದರ ಮಿತವ್ಯಯ ಹಗುರವಾದ ಮೈಯಿಂದಲೂ ಚಿಕ್ಕ ಎಂಜಿನ್ನಿನಿಂದಲೂ ಬಂದುದು. ಅಂಬಾಸಡರಿಗೆ ಐದನೆಯ ಗೇರು ದೊರೆತುದು 1990ರ ದಶಕದಲ್ಲಿ, ಇಸುಜು ಎಂಜಿನ್ನಿನೊಡನೆ. ಐದು ಗೇರಿದ್ದ ಮಾತ್ರಕ್ಕೆ ಕಾರು ಮಿತವ್ಯಯದ್ದಾಗುವುದಿಲ್ಲವೆಂಬುದನ್ನೂ ಇಲ್ಲಿ ಗಮನಿಸಬೇಕು. ಡಿಫರೆನ್ಷಿಯಲ್ಲನ್ನೂ ಸೇರಿಸಿದ ಒಟ್ಟು ಪ್ರಮಾಣವೇ ಮುಖ್ಯ.

ಮೇಲುಗೇರಿಗೆ ತಕ್ಕ ರಸ್ತೆ ತುಮಕೂರಿಗೆ ಬಂದುದು ಸುವರ್ಣ ಚತುಷ್ಪಥ ಯೋಜನೆಯಿಂದ. ಅದರ ಚೆನ್ನೈ–ಮುಂಬಯಿ ಭಾಗವು ಬೆಂಗಳೂರು, ತುಮಕೂರು, ಶಿರಾ, ಚಿತ್ರದುರ್ಗಗಳ ಮೂಲಕ ಸಾಗುತ್ತದೆ. ಬೆಳ್ಳಾವಿಯ ದಾರಿಯಲ್ಲಿ ಅಪರೂಪಕ್ಕೆ ಹಾಕುತ್ತಿದ್ದ ಐದನೆಯ ಗೇರು ಇಲ್ಲಿ ಗಂಟೆಗಟ್ಟಲೆ ನಿಲ್ಲಬಲ್ಲುದು. ಆದರೆ ಅದೇ ರಸ್ತೆ ವೇಗವನ್ನೂ ಹೆಚ್ಚಿಸಿತು. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, 80ರಲ್ಲಿ ಹೋಗಬಹುದಾದವನು 100 ಕಿಲೋಮೀಟರಿಗೆ ಏರಿದರೆ ಆ ತಡೆ ಒಂದೂವರೆ ಪಟ್ಟನ್ನೂ ಮೀರುತ್ತದೆ; ಗೇರು ಉಳಿಸಿದುದನ್ನು ಗಾಳಿ ವಸೂಲುಮಾಡಿಕೊಳ್ಳುತ್ತದೆ.