ಗರಿಯ ಅಂಚಿನ ಅಂಕಿ

ಸರಕಾರಿ ಫಲಕದಲ್ಲಿ ಮುನವಳ್ಳಿ, ಜನರ ಬಾಯಲ್ಲಿ ಮನೋಳಿ. ಇಂಗ್ಲಿಷರ ಇತಿಹಾಸದಲ್ಲಿ ನಮ್ಮೂರಿನ ಹೆಸರು ಬರುವುದು ಒಂದು ಕಾಳಗದ ಕಾರಣಕ್ಕೆ. 1800ರ ಜುಲೈ ಕೊನೆಗೆ ವೆಲ್ಲೆಸ್ಲಿಯ ಸೈನ್ಯ ಇಲ್ಲಿನ ಮಲಪ್ರಭೆಯ ದಂಡೆಯಲ್ಲಿ ಧೋಂಡಿಯಾ ವಾಘನ ಪಾಳೆಯದ ಮೇಲೆ ಬಿದ್ದಿತು. ನನಗೆ ಆ ಕಥೆಗಿಂತ ಇದೇ ನದಿಯ ಗುಂಟ ನಡೆದ ಇನ್ನೊಂದು ಕಥೆ ಹತ್ತಿರ. 12ನೆಯ ಶತಮಾನದಲ್ಲಿ ಕಲ್ಯಾಣದಿಂದ ಚದುರಿದ ಶರಣರು ವಚನದ ಕಟ್ಟುಗಳನ್ನು ಹೊತ್ತು ಈ ಸೀಮೆಯಿಂದ ಉಳವಿಯ ಕಡೆಗೆ ಹೋದರೆಂದು ನಮ್ಮ ಹಿರಿಯರು ಹೇಳುತ್ತಾರೆ. ಗಂಗಾಂಬಿಕೆಯ ಐಕ್ಯಸ್ಥಳ ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆಯ ಮಡಿಲಲ್ಲೇ ಇದೆ.

ಕಟ್ಟು ಎಂದರೆ ನಾವು ತಿಳಿದ ಪುಸ್ತಕವಲ್ಲ. ತಾಳೆಗರಿಯನ್ನು ಅಳತೆಗೆ ಕತ್ತರಿಸಿ, ಕಂಠದಿಂದ ಅಕ್ಷರ ಕೊರೆದು, ಮಸಿ ಸವರಿ ಒರೆಸುತ್ತಿದ್ದರು. ಗರಿಯಲ್ಲಿ ತೂತು ಮಾಡಿ ದಾರ ಪೋಣಿಸಿ, ಮೇಲೊಂದು ಕೆಳಗೊಂದು ಹಲಗೆ ಇಟ್ಟು ಬಿಗಿಯುತ್ತಿದ್ದರು. ಹೊಲಿಗೆಯಿಲ್ಲ, ಅಂಟಿಲ್ಲ. ದಾರ ಹರಿಯಿತೋ, ಗರಿಗಳೆಲ್ಲ ಇಸ್ಪೀಟಿನ ಎಲೆಗಳಂತೆ ಕಲಸಿಹೋಗುತ್ತವೆ. ಅದಕ್ಕೇ ಅಂಚಿನಲ್ಲಿ ಅಂಕಿ. ಎರಡೂ ಬದಿ ಸೇರಿ ಗರಿಗೊಂದೇ ಅಂಕಿ.

15ನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ವಿರಕ್ತರು ವಚನಗಳನ್ನು ಕೂಡಿಸಿ, ಅವಕ್ಕೆ ಟೀಕೆ ಬರೆಯತೊಡಗಿದರು. ಮೂರು ಸಾಲಿನ ವಚನಕ್ಕೆ ಮೂವತ್ತು ಸಾಲಿನ ಟೀಕೆ! ಓದುವವಳು ಎಲ್ಲಿ ನಿಲ್ಲಬೇಕು, ನಾಳೆ ಎಲ್ಲಿಂದ ಹಿಡಿಯಬೇಕು? ಗರಿಯ ಅಂಕಿ ಅಷ್ಟಕ್ಕೆ ಸಾಕು. ಆದರೆ ಅದು ಆ ಕಟ್ಟಿಗೆ ಮಾತ್ರ ಸಲ್ಲುವಂಥದು. ಇನ್ನೊಬ್ಬರು ದೊಡ್ಡ ಅಕ್ಷರದಲ್ಲಿ ಪ್ರತಿ ಮಾಡಿದರೆ ಇಪ್ಪತ್ತನೆಯ ಗರಿಯ ಮಾತು ಮೂವತ್ತಕ್ಕೆ ಹೋಗಿ ಕೂಡುತ್ತದೆ. ಆ ವಿರಕ್ತರು ವಚನಗಳನ್ನು ನೂರೊಂದು ಸ್ಥಲಗಳಲ್ಲಿ ಜೋಡಿಸಿದ್ದರಲ್ಲ, ಆ ಲೆಕ್ಕ ಪ್ರತಿಯಿಂದ ಪ್ರತಿಗೆ ಹಾಗೆ ಸರಿಯುವುದಿಲ್ಲ. ಭಕ್ತಿಯ ಜೊತೆಗೆ ಇದೂ ಒಂದು ಜಾಣತನವೆಂದೇ ನನ್ನೆಣಿಕೆ.

ಯಹೂದಿಗಳು ಬೇರೆ ದಾರಿ ಹಿಡಿದರು. 1520ರ ಸುಮಾರಿಗೆ ವೆನಿಸ್ಸಿನಲ್ಲಿ ಬೊಂಬರ್ಗ್ ಎಂಬ ಮುದ್ರಕ ಅವರ ತಾಲ್ಮುದನ್ನು ಅಚ್ಚು ಹಾಕಿಸಿದ. ನಡುವೆ ಮೂಲ, ಸುತ್ತ ಟೀಕೆಗಳು. ಮುಂದಿನವರು ಅವನ ಹಾಳೆಯ ಲೆಕ್ಕವನ್ನೇ ಉಳಿಸಿಕೊಂಡರು. ಇಂದಿಗೂ ಯಾವ ದೇಶದಲ್ಲಿ ಕೂತು ಓದಿದರೂ ಹಾಳೆಯ ಅಂಕಿ ಹೇಳಿದರೆ ಅದೇ ಮಾತು ಸಿಗುತ್ತದೆ.

ನಮಗೆ ಆ ಸೌಕರ್ಯ ತಡವಾಗಿ ಬಂತು. ವಿಜಾಪುರದ ವಕೀಲ ಫ.ಗು. ಹಳಕಟ್ಟಿಯವರು ಮನೆಮನೆ ಅಲೆದು ಕಟ್ಟುಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಮಾಡಿಸಿದರು; 1925ರಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯ ತೆರೆದರು. 1993ರಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರಕಾರ 15 ಸಮಗ್ರ ವಚನ ಸಂಪುಟಗಳನ್ನು ತಂದಿತು. ಒಂದೊಂದು ವಚನಕ್ಕೂ ಒಂದೊಂದು ಅಂಕಿ. ಐದನೆಯ ಸಂಪುಟ ಶಿವಶರಣೆಯರದು.

ನಮ್ಮ ದೇವರ ಜಗಲಿಯ ಮೇಲೂ ಒಂದು ಕಟ್ಟು ಇತ್ತು. 41ನೆಯ ಗರಿಯ ಬೆನ್ನಿಗೇ 58. ನಡುವಿನ ಹದಿನಾರು ಗರಿ ಗೆದ್ದಲು ತಿಂದವೋ, ಯಾರಾದರೂ ಒಯ್ದರೋ! ಆಯಿ ಅನ್ನುತ್ತಿದ್ದಳು: “ಅಂಕಿ ಇತ್ತಂತ ಎಷ್ಟ ಹೋದುವು ಅನ್ನೂದರೆ ತಿಳೀತವ್ವಾ. ಇಲ್ಲಂದ್ರ ಏನೂ ಹೋಗೇ ಇಲ್ಲಂತ ತಿಳಕೊಂಡು ಓದತಿದ್ವಿ.”

ಐದನೆಯ ಸಂಪುಟ ತೆರೆದಾಗಲೆಲ್ಲ ಆ ಮಾತು ನೆನಪಾಗುತ್ತದೆ. ಅಕ್ಕಮಹಾದೇವಿಯ ವಚನಗಳು ನೂರಾರು. ಸೂಳೆ ಸಂಕವ್ವೆಯದು ಒಂದೇ ಒಂದು. ಅವಳು ಹೇಳಿದ್ದೇ ಒಂದೋ, ನೂರರಲ್ಲಿ ಉಳಿದದ್ದು ಒಂದೋ? ಅವಳ ಮಾತಿಗೆ ಅಂದು ಯಾರೂ ಅಂಕಿ ಹಾಕಿರಲಿಲ್ಲ.